ಅವ್ವ ತಿದ್ದಿದ ವಚನ

ಹುಮನಾಬಾದಿನ ಹೈಸ್ಕೂಲೊಂದರಲ್ಲಿ ವರ್ಷಕ್ಕೊಮ್ಮೆ ಮಕ್ಕಳಿಗಾಗಿ ಮೂರು ದಿನ ಕತೆಯ ಕಮ್ಮಟ ನಡೆಸುತ್ತೇನೆ. ಕಲಿಸುತ್ತೇನೆ ಅನ್ನುವುದು ಜಂಬದ ಮಾತು. ನಾನು ಮಾಡುವುದು ಇಷ್ಟೇ: ಮೊದಲ ದಿನ ಮಕ್ಕಳು ಬರೆದು ತಂದ 'ತಾಯಿಯೇ ದೇವರು' ಥರದ ಹಾಳೆಗಳನ್ನೆಲ್ಲ ಮಡಚಿ ಚೀಲಕ್ಕೆ ಹಾಕಿಸುತ್ತೇನೆ. ಮನೆಗೆ ಹೋಗಿ ಹಿರಿಯರ ಬಾಯಿಂದ ಒಂದು ಕತೆ ಕೇಳಿ ಬರೆದುಕೊಂಡು ಬನ್ನಿ ಅನ್ನುತ್ತೇನೆ. ಮೂರನೆಯ ದಿನ ಆ ಹಿರಿಯರನ್ನೇ ಕರೆಸಿ ಮುಂದಿನ ಸಾಲಿನಲ್ಲಿ ಕೂಡ್ರಿಸುತ್ತೇವೆ. ಅವರ ಎದುರಿಗೇ ಮಕ್ಕಳು ಓದಬೇಕು.

ಈ ಸಲ ಎರಡನೆಯ ದಿನ, ದುಬಲಗುಂಡಿಯಿಂದ ಬಸ್ಸಿಗೆ ಬರುವ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಮುತ್ಯಾನ, ಅಂದರೆ ಅಜ್ಜನ, ಕತೆ ತಂದಿದ್ದಳು. ಮುತ್ಯಾ ಕುರಿ ಕಾಯುವವನು. ಅವನು ಹರೆಯದವನಿದ್ದಾಗ ಗಡಿಯ ಆಚೆ ಮೇಯಿಸಲು ಹೋದಾಗ ಹಿಂಡಿನ ಒಂದು ಕುರಿ ತಪ್ಪಿಸಿಕೊಂಡಿತಂತೆ. ಹುಡುಕಿ ಹುಡುಕಿ ಕೈಬಿಟ್ಟ ಮೇಲೆ ನಾಲ್ಕನೆಯ ದಿನ ತಾನಾಗಿಯೇ ಬಂದು ಹಿಂಡು ಸೇರಿತಂತೆ. ಆ ನಾಲ್ಕು ದಿನ ಅದು ಬೇರೆಯವರ ಹಿಂಡಿನಲ್ಲಿ, ತಾಯಿ ಸತ್ತ ಮರಿಯೊಂದಕ್ಕೆ ಹಾಲೂಡಿಸುತ್ತ ನಿಂತಿತ್ತಂತೆ. ಕೇಳಿ ನನಗೆ ಮೈ ಜುಮ್ಮೆಂದಿತು. ಇಂಥದ್ದನ್ನು ಯಾರೂ ಕೂತು ಕಟ್ಟಲಾರರು, ಬದುಕಿದವರ ಬಾಯಿಂದಲೇ ಬರಬೇಕು ಎಂದು ಇಡೀ ಕ್ಲಾಸಿನ ಎದುರು ಭಾಷಣ ಬಿಗಿದೆ.

ಚಹಾದ ಹೊತ್ತಿಗೆ ಹುಡುಗಿ ನನ್ನ ಪಕ್ಕಕ್ಕೆ ಬಂದು ನಿಂತಳು.

"ಮೇಡಂ, ಮುತ್ಯಾಗ ನಡುವಿಂದು ನೆನಪಿಲ್ಲರಿ. ಮೊದಲ ಹೇಳತಿದ್ದ, ಈಗ ಮರತಾನ. ಆ ಮರಿ ಸುದ್ದಿ ನಾನೇ ಕೂಡಿಸೀನಿ. ನಾಳೆ ಅಂವ ಬರಾಕತ್ತಾನ್ರಿ. ಹೇಳಿ ಓದಲ್ಯಾ, ಸುಮ್ನ ಓದಲ್ಯಾ?"

ನನ್ನ ಭಾಷಣ ನೀರಿಗೆ ಬಿದ್ದಂತಾಗಿತ್ತು, ಆದರೆ ಅವಳ ಸಂಕಟ ಅದಲ್ಲ. ನೂರು ಕುರಿಗಳ ನಡುವೆ ಪ್ರತಿಯೊಂದರ ಮುಖ ಗುರುತಿಟ್ಟವನು ಎಂದು ಅವಳ ಮುತ್ಯಾನಿಗೆ ಸುತ್ತಮುತ್ತ ಹೆಸರು. ಹೇಳಿದರೆ ಅವನ ಮರೆವು ನಾಲ್ಕು ಜನರೆದುರು ಬಯಲಾಗುತ್ತದೆ. ಹೇಳದಿದ್ದರೆ, ಅವನು ಆಡದ ಮಾತು ಅವನ ಹೆಸರಿನಲ್ಲಿ ನಡೆದುಬಿಡುತ್ತದೆ. ನಾನು ಅವಳಿಗೆ ನನ್ನದೇ ಒಂದು ಸಂಗತಿ ಹೇಳಿದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ನಾನು ಬಸವಕಲ್ಯಾಣದವಳು. ಅಪ್ಪನದು ಕಿರಾಣಿ ಅಂಗಡಿ. ನಮ್ಮ ಓಣಿಯಲ್ಲಿ ಮಕ್ಕಳಿಗೆ ಮಗ್ಗಿ ಬರುವ ಮೊದಲು ವಚನ ಬರಬೇಕಿತ್ತು. ಅವ್ವನಿಗೆ ಓದು ಬರಹ ಇರಲಿಲ್ಲ, ಕೇಳಿ ಕೇಳಿಯೇ ಎಷ್ಟೋ ವಚನ ಬಾಯಿಗೆ ತಂದುಕೊಂಡಿದ್ದಳು. ಆರನೆಯ ತರಗತಿಯಲ್ಲಿದ್ದಾಗ ನನ್ನನ್ನು ವಚನ ಹೇಳುವ ಸ್ಪರ್ಧೆಗೆ ನಿಲ್ಲಿಸಿದರು. ಹಣೆಗೆ ವಿಭೂತಿ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಎರಡು ಸಾಲು ಹೇಳಿದೆ, ಮೂರನೆಯದು ಮರೆತೇಹೋಯಿತು. ಹೆಂಗಸರ ಸಾಲಿನಲ್ಲಿ ಅವ್ವ ಕೈಮುಗಿದು ಕೂತಿದ್ದಳು. ವೇದಿಕೆ ಇಳಿದು ಓಡಲು ಮನಸ್ಸಾಗಲಿಲ್ಲ. ಅವತ್ತು ಬೆಳಿಗ್ಗೆ ನೆರೆಮನೆಯ ಕಾಕಿ ಸಗಣಿಯ ಕುಳ್ಳಿನ ತುಂಡಿನ ಮೇಲೆ ನಮ್ಮ ಒಲೆಯಿಂದ ಕೆಂಡ ಒಯ್ದಿದ್ದು ಕಣ್ಣ ಮುಂದೆ ಬಂತು. 'ಒಲೆಯ ಕೆಂಡವ ನೆರೆಮನೆಗಿತ್ತರೆ ಒಲೆ ಆರದಯ್ಯಾ, ಮನದ ಅಕ್ಕರೆಯ ಹಂಚಿದರೆ ಮನ ಬರಿದಾಗದಯ್ಯಾ' ಎಂದು ಅದೇ ಧಾಟಿಯಲ್ಲಿ ಹೇಳಿ, ಕೊನೆಗೆ ಶರಣರ ಅಂಕಿತವನ್ನೂ ಅಂಟಿಸಿಬಿಟ್ಟೆ. ತೀರ್ಪುಗಾರರು ಭಕ್ತಿಯಿಂದ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಮೊದಲ ಬಹುಮಾನ, ಒಂದು ಸ್ಟೀಲಿನ ಡಬ್ಬಿ.

ಮನೆಗೆ ಬರುವ ದಾರಿಯಲ್ಲೇ ಅವ್ವ, ಆ ಒಲೆಯ ಸಾಲು ನನಗೂ ಕಲಿಸು ಅಂದಳು. ಕಲಿಸಿದೆ, ಮತ್ತೇನು ಮಾಡಲಿ. ಮರುದಿನದಿಂದ ಲಿಂಗಪೂಜೆಯ ಕೊನೆಗೆ ಅವಳು ಅದನ್ನು ಹೇಳತೊಡಗಿದಳು. ದಿನಾ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಅಷ್ಟೇ ಹಿಗ್ಗೂ ಆಗುತ್ತಿತ್ತು. ಮುಂದೆ ನಾನು ಪುಸ್ತಕ ಬರೆದೆ, ಸನ್ಮಾನದ ಶಾಲು ಹೊದ್ದು ಬಂದೆ. ಆದರೆ ಅಷ್ಟು ಭಕ್ತಿಯಿಂದ ನನ್ನನ್ನು ಯಾರೂ ಓದಲಿಲ್ಲ. ಆ ಬೆಳಗುಗಳು, ಊದಿನಕಡ್ಡಿಯ ಹೊಗೆ, ಪದ ಪದಕ್ಕೂ ನಿಲ್ಲುವ ಅವಳ ದನಿ ಈಗಲೂ ಬೇಕೆನಿಸುತ್ತವೆ.

ಆ ಸಾಲು ನಾನೇ ಕಟ್ಟಿದ್ದೆಂದು ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ನಾನು ಮುಂದೂಡುತ್ತಿರುವಾಗಲೇ ಅವ್ವ ಹಾಸಿಗೆ ಹಿಡಿದಳು. ಒಂದು ದಿನ, ನನಗೆ ಉಸಿರು ಸಾಲದು, ಆ ವಚನ ನೀನೇ ಹೇಳು ಅಂದಳು. ಅವಸರದಲ್ಲಿ 'ಒಲೆಯ ಬೆಂಕಿಯ ನೆರೆಮನೆಗಿತ್ತರೆ' ಅಂದುಬಿಟ್ಟೆ. ಅವಳು ಕೈ ಎತ್ತಿ ತಡೆದಳು.

"ಬೆಂಕಿ ಅಲ್ಲವ್ವ, ಕೆಂಡ. ಶರಣರ ಮಾತ ನಮಗ ಬೇಕಾದಂಗ ತಿರುವಬಾರದು."

ನಾನು ಕೆಂಡ ಎಂದೇ ತಿದ್ದಿ ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಆ ವಾರವೇ ಹೋದಳು.

ಹುಡುಗಿ ಪೂರ್ತಿ ಕೇಳಿಸಿಕೊಂಡಳು. ಅವ್ವನಿಗೆ ಹೇಳಬೇಕಿತ್ತೆಂದು ನಿಮಗೆ ಈಗ ಅನ್ನಿಸುತ್ತದೆಯೇ ಎಂದು ಕೇಳಿದಳು. ಗೊತ್ತಿಲ್ಲ ಅಂದೆ. ಅದು ನಿಜವಾಗಿತ್ತು.

ಮರುದಿನ ಮುಂದಿನ ಸಾಲಿನಲ್ಲಿ ಮುತ್ಯಾ ಕೂತಿದ್ದ, ಹೆಗಲ ಮೇಲೆ ಕಂಬಳಿ, ತೊಡೆಯ ಮೇಲೆ ಎರಡೂ ಕೈ. ಹುಡುಗಿ ಹಾಳೆ ಹಿಡಿದು ನಿಂತವಳು ಓದಲು ಶುರು ಮಾಡಲಿಲ್ಲ. ನಾಲ್ಕು ದಿನ ಆ ಕುರಿ ಎಲ್ಲಿತ್ತೆಂಬುದು ಮುತ್ಯಾ ಹೇಳಿದ್ದಲ್ಲ, ತಾನೇ ಕೂಡಿಸಿದ್ದು ಎಂದು ಎಲ್ಲರೆದುರು ಹೇಳಿಬಿಟ್ಟಳು. ನಾನು ತಲೆ ತಗ್ಗಿಸಿದೆ. ಮುತ್ಯಾ ಮೊಮ್ಮಗಳನ್ನು ನೋಡಿದ. ಆಮೇಲೆ ಕುರ್ಚಿಯನ್ನು ಅವಳ ಹತ್ತಿರಕ್ಕೆ ಸರಿಸಿಕೊಂಡ.

"ಓದವ್ವ. ನಡುವ ಏನಾಗಿತ್ತು, ನನಗೂ ಗೊತ್ತಾಗ್ಲಿ."

ಅವಳು ಓದಿದಳು. ಮರಿ ಹಾಲು ಕುಡಿಯುವ ಜಾಗ ಬಂದಾಗ ಮುತ್ಯಾ ಹೌದು ಹೌದು ಎಂದು ತಲೆ ಆಡಿಸುತ್ತಿದ್ದ. ನಿಜ ಹೇಳಿದ್ದರೆ ನಮ್ಮವ್ವನೂ ಹಾಗೆಯೇ ಕುರ್ಚಿ ಸರಿಸಿಕೊಂಡು ಕೂತು ಕೇಳುತ್ತಿದ್ದಳೋ ಏನೋ. ನಾನು ಅವಳಿಗೆ ಆ ಅವಕಾಶವನ್ನೇ ಕೊಡಲಿಲ್ಲ.