ಅಪ್ಪನ ಕಬ್ಬಿಣದ ಹೆಣ್ಣುಮಕ್ಕಳು

ಯಾವ ಪ್ರೆಸ್ಸಿಗೆ ಹೋದರೂ ಅಪ್ಪ ಮೊದಲು ಮಾತಾಡಿಸುತ್ತಿದ್ದದ್ದು ಮಷೀನನ್ನು. ಮಾಲೀಕ ಕುರ್ಚಿಯಿಂದ ಎದ್ದು "ಬರ್ರಿ ಕಾಕಾ, ಕೂಡ್ರಿ" ಎಂದರೂ ಅವನತ್ತ ತಿರುಗುತ್ತಿರಲಿಲ್ಲ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ನೇರ ಒಳಗೆ ಹೋಗಿ ಮಷೀನಿನ ಪಕ್ಕೆಗೆ ಅಂಗೈ ಇಟ್ಟು, "ಹ್ಯಾಂಗಿದ್ದೀ ಬೇ? ತಬ್ಯೇತ ಬರೋಬರಿ ಅದ ಏನು?" ಎಂದು ಕೇಳುತ್ತಿದ್ದ. ಕೇಳಿ, ತಲೆ ವಾಲಿಸಿಕೊಂಡು ಉತ್ತರಕ್ಕೆ ಕಾಯುತ್ತಿದ್ದ. ಹೊಟ್ಟೆಯಲ್ಲಿ ಹುಟ್ಟಿದ ಮಗಳು ನಾನೊಬ್ಬಳಿದ್ದೆ. ನನ್ನ ತಬ್ಯೇತಿನ ಬಗ್ಗೆ ಅವನು ಹಾಗೆ ನಿಂತು ಕೇಳಿದ್ದು ನನಗೆ ನೆನಪಿಲ್ಲ.

ಅಪ್ಪ, ಅಂದರೆ ಶರಣಪ್ಪ, ಗುಲಬರ್ಗಾದ ಒಂದು ಛಾಪಖಾನೆಯಲ್ಲಿ ಮಷೀನ್‌ಮನ್ ಆಗಿದ್ದ. ಎಪ್ಪತ್ತರ ದಶಕದ ಕೊನೆಯಲ್ಲಿ ನಿವೃತ್ತನಾಗಿ ನಮ್ಮೂರು ಆಳಂದಕ್ಕೆ ಬಂದ. ಬೇರೆಯವರ ಅಪ್ಪಂದಿರು ನಿವೃತ್ತರಾದ ಮೇಲೆ ಮಠದ ಕಟ್ಟೆ ಹಿಡಿದು ಊರ ಉಸಾಬರಿ ಮಾಡುತ್ತ ಕೂತರೆ, ನಮ್ಮಪ್ಪ ಹಿತ್ತಲಿನ ದನದ ಕೊಟ್ಟಿಗೆ ಖಾಲಿ ಮಾಡಿಸಿ ಅಲ್ಲಿ ಹಳೆಯ ಟ್ರೆಡಲ್‌ಗಳನ್ನು ತಂದು ಕಟ್ಟಿದ. ಟ್ರೆಡಲ್ ಎಂದರೆ ಕಾಲಿನಿಂದ ತುಳಿದು ಓಡಿಸುವ ಅಚ್ಚಿನ ಯಂತ್ರ. ಗುಜರಿಗೆ ಹೊರಟು ನಿಂತವನ್ನೇ ಹುಡುಕಿ ತಂದು, ದುರಸ್ತಿ ಮಾಡಿ ಸುತ್ತಲಿನ ಊರುಗಳ ಸಣ್ಣ ಪ್ರೆಸ್ಸುಗಳಿಗೆ ಮಾರುತ್ತಿದ್ದ. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ದಿನಗಟ್ಟಲೆ ತುಕ್ಕು ಉಜ್ಜುವುದು, ಹಲ್ಲಿನ ಚಕ್ರದ ಸಂದಿಯಲ್ಲಿ ಗಟ್ಟಿಯಾದ ಮಸಿಯನ್ನು ಬೇವಿನ ಕಡ್ಡಿಯಿಂದ ಕೆರೆಯುವುದು, ಮುಚ್ಚಿಹೋದ ಎಣ್ಣೆ ತೂತುಗಳನ್ನು ಅವ್ವನ ಹೊಲಿಗೆ ಸೂಜಿಯಿಂದ ಬಿಡಿಸುವುದು. ಒಂದು ದಿನವೂ ನನ್ನ ಹೆರಳು ಮುಟ್ಟಿದವನಲ್ಲ. ಆ ಕಬ್ಬಿಣದ ಮುದುಕಿಯರಿಗೆ ಮಾತ್ರ ದಿನಾ ಎಣ್ಣೆಸ್ನಾನ.

ಮದುವೆಯಾಗಿ ಜೇವರ್ಗಿಗೆ ಹೋದ ಮೇಲಾದರೂ ನನಗೆ ಬೆಲೆ ಬಂದೀತು ಅಂದುಕೊಂಡಿದ್ದೆ. ಮೊದಲ ನಾಗರಪಂಚಮಿಗೆ ತಮ್ಮ ಬಂದು ಕರೆದುಕೊಂಡು ಹೋದ. ನನ್ನ ಸಲುವಾಗಿ ಅವ್ವ ಒಳ್ಳೆಯ ಬೆಲ್ಲ ತರಿಸಿ ಡಬ್ಬಿಯಲ್ಲಿ ತೆಗೆದಿಟ್ಟಿದ್ದಳು. ಉಂಡಿ ಕಟ್ಟಲು ಕೂತು ಡಬ್ಬಿ ತೆರೆದರೆ ತಳದಲ್ಲಿ ನಾಲ್ಕು ಇರುವೆ ಬಿಟ್ಟರೆ ಬೇರೇನಿಲ್ಲ. ಮಸಿ ಹಚ್ಚುವ ರೋಲರನ್ನು ಸರೇಸಿನ ಅಂಟಿಗೆ ಬೆಲ್ಲ ಹಾಕಿ ಕಾಯಿಸಿ ಎರಕ ಹೊಯ್ಯುವುದು ಹಳೆಯ ಪದ್ಧತಿ. ಸರೇಸು ದನದ ಚರ್ಮದಿಂದ ಆಗುವಂಥದ್ದು, ಲಿಂಗ ಕಟ್ಟಿದ ಮನೆಯಲ್ಲಿ ಅದರ ವಾಸನೆ ಬೇಡವೆಂದು ಅವ್ವ ಹಿತ್ತಲಿನಲ್ಲೇ ಬೇರೆ ಒಲೆ ಹೂಡಿಸಿದ್ದಳು. ಆ ಒಲೆಯ ಮೇಲೆ ನನ್ನ ಪಂಚಮಿಯ ಬೆಲ್ಲ ಕುದಿಯುತ್ತಿತ್ತು.

"ಮಗಳು ಮೊದಲನೇ ಪಂಚಮಿಗಿ ಬಂದಾಳ. ಉಂಡಿ ಬದ್ಲಿ ನಿಮ್ಮ ರೋಲರ್ ಕಡದು ತಿನ್ಲೇನ್ರಿ?" ಎಂದು ಅವ್ವ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು.

ಅಪ್ಪ ಸೌಟು ತಿರುಗಿಸುವುದನ್ನು ನಿಲ್ಲಿಸಲಿಲ್ಲ. "ಸಕ್ರಿ ಹಾಕಿ ಕಟ್ಟು. ಮಗಳು ಏನೂ ಅನ್ನಂಗಿಲ್ಲ. ಈ ರೋಲರ್ ಸಕ್ರಿಗಿ ಒಪ್ಪಂಗಿಲ್ಲ."

ಮಗಳು ಬೇಕಾದಷ್ಟು ಅಂದುಕೊಂಡಳು, ಮನಸ್ಸಿನಲ್ಲಿ. ಆ ವರ್ಷ ಸಕ್ಕರೆ ಉಂಡಿ ತಿಂದು ಮುಖ ಊದಿಸಿಕೊಂಡೇ ಜೇವರ್ಗಿಗೆ ಹಿಂತಿರುಗಿದೆ.

ಅದಕ್ಕಿಂತ ಹೆಚ್ಚು ಉರಿ ಹತ್ತಿದ್ದು ಒಂದು ಟ್ರೆಡಲ್ ಅಫಜಲಪುರಕ್ಕೆ ಹೊರಟ ದಿನ. ನಾನು ಆಗ ಹೆರಿಗೆಗೆ ತವರಿಗೆ ಬಂದಿದ್ದೆ. ಟೆಂಪೋ ಬಾಗಿಲಿಗೆ ಬಂದು ನಿಂತಿದೆ, ಹಮಾಲರು ಹಗ್ಗ ಹಿಡಿದು ಕಾಯುತ್ತಿದ್ದಾರೆ, ಅಪ್ಪ ಮಾತ್ರ ಎತ್ತಲು ಬಿಡುವುದಿಲ್ಲ. "ಉಡಿ ತುಂಬದ ಹ್ಯಾಂಗ ಕಳಸೋದು?" ಎಂದು ಅವ್ವನನ್ನು ಕರೆದ. ಅವ್ವ ಗೊಣಗುತ್ತಲೇ ಬಂದು ಕಾಗದ ಇಡುವ ಹಲಗೆಯ ಮೇಲೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಒಂದು ಖಣ ಇಟ್ಟು ಅರಿಸಿನ ಕುಂಕುಮ ಹಚ್ಚಿದಳು. ಪ್ರತಿಯೊಂದು ಮಷೀನಿಗೂ ಹೀಗೇ ಅಂತೆ. ಟೆಂಪೋ ತಿರುವು ದಾಟಿದ ಮೇಲೆ ಅಪ್ಪ ಸೀಮೆಎಣ್ಣೆ ಬಟ್ಟೆಯಿಂದಲೇ ಕಣ್ಣು ಒರೆಸಿಕೊಂಡು, ಅದು ಉರಿದು, ಇನ್ನಷ್ಟು ನೀರು ಸುರಿಸಿದ.

ನನ್ನನ್ನು ಗಂಡನ ಮನೆಗೆ ಕಳಿಸಿದ ದಿನ ಅವನ ಕಣ್ಣಿನಲ್ಲಿ ಒಂದು ಹನಿ ಇರಲಿಲ್ಲ. ಟ್ರಂಕಿಗೆ ಕಟ್ಟಿದ ಹಗ್ಗ ಎಳೆದು ನೋಡಿ, "ಬಿಗಿ ಅದ. ಹುಷಾರಿ ಹೋಗವ್ವ" ಅಂದಿದ್ದ, ಅಷ್ಟೇ. ಟೆಂಪೋ ಹೋದ ದಿನ ಹಿತ್ತಲ ಬಾಗಿಲಲ್ಲಿ ಹೊಟ್ಟೆ ಹಿಡಿದು ನಿಂತು, ಅಫಜಲಪುರದ ದಾರಿಯಲ್ಲಿ ಅದರ ಗಾಲಿ ಮುರಿಯಲಿ ಎಂದು ಶಾಪ ಹಾಕಿದೆ. ಮುರಿಯಲಿಲ್ಲ. ತಿಂಗಳು ತುಂಬುವುದರೊಳಗೆ ಅಪ್ಪ ಮಷೀನನ್ನು ನೋಡಿಕೊಂಡು ಬರಲು ಅಫಜಲಪುರದ ಬಸ್ಸು ಹತ್ತಿದ.

ನನ್ನ ಮನೆಗೆ ಮಾತ್ರ ಬರುತ್ತಿರಲಿಲ್ಲ. ಕೇಳಿದರೆ ಅವ್ವ ಅವನ ಪರವಾಗಿ ವಕಾಲತ್ತು ವಹಿಸುತ್ತಿದ್ದಳು: "ಹೆಣ್ಣು ಕೊಟ್ಟ ಮನೀಗಿ ಹಡದಪ್ಪ ಕೆಲಸಿಲ್ಲದ ಸುಮ್ಮಸುಮ್ನ ಹೋಗ್ತಾನೇನಬೇ? ಬೀಗರು ಏನಂತಾರ?" ಅದು ನಮ್ಮ ಮನೆತನದ ರೀತಿ, ನನಗೂ ಗೊತ್ತಿತ್ತು. ಆದರೂ ರೀತಿ ಎಲ್ಲ ನನಗೇ ಯಾಕೆ, ಮಷೀನಿಗೆ ಯಾಕಿಲ್ಲ ಎಂದು ಸಿಟ್ಟು ಬರುತ್ತಿತ್ತು.

ಕೊನೆಗೆ ಒಂದು ಟ್ರೆಡಲ್ ಜೇವರ್ಗಿಗೇ ಬಂತು. ನಮ್ಮ ಮನೆಯ ಹಿಂದಿನ ಓಣಿಯ ಮಹಿಬೂಬ ಲಗ್ನಪತ್ರಿಕೆ, ಅಡತಿ ಅಂಗಡಿಯ ಪಾವತಿ ಪುಸ್ತಕ ಅಚ್ಚು ಹಾಕಲು ಅದನ್ನು ತಂದಿಟ್ಟ. ಅಲ್ಲಿಂದ ಅಪ್ಪನ ಸವಾರಿ ಶುರುವಾಯಿತು. ಗುಲಬರ್ಗಾದಲ್ಲಿ ಬಸ್ಸು ಬದಲಿಸಿ ಬೆಳಿಗ್ಗೆಯೇ ಇಳಿಯುತ್ತಿದ್ದ, ಮಧ್ಯಾಹ್ನದವರೆಗೆ ಪ್ರೆಸ್ಸಿನಲ್ಲಿರುತ್ತಿದ್ದ. ಊಟದ ಹೊತ್ತಿಗೆ ಕೈಗೆಲ್ಲ ಮಸಿ ಮಾಡಿಕೊಂಡು, ಅವ್ವ ಕೊಟ್ಟ ಶೇಂಗಾ ಹೋಳಿಗೆಯ ಗಂಟು ಹಿಡಿದು ನಮ್ಮ ಪಡಸಾಲೆಗೆ ಬರುತ್ತಿದ್ದ. ಹೋಳಿಗೆಗೂ ಸೀಮೆಎಣ್ಣೆಯ ವಾಸನೆ.

ನಮ್ಮತ್ತೆ ಚೇಷ್ಟೆಯ ಹೆಂಗಸು. ಒಮ್ಮೆ ಕೇಳಿಯೇ ಬಿಟ್ಟರು: "ಏನ್ರಿ ಅಣ್ಣಾರ, ಮಗಳನ್ನ ನೋಡಾಕ ಬಂದೀರೋ, ಮಷೀನ್ ನೋಡಾಕ ಬಂದೀರೋ?"

"ಮಷೀನ್ ನೋಡಾಕರೀ ಅಕ್ಕಾರ," ಅಂದ ಅಪ್ಪ, ತಡವರಿಸದೆ. "ಹಾದ್ಯಾಗ ಮನಿ ಬಿತ್ತಲ್ರಿ, ಹಂಗ ಬಂದೆ."

ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. ನಾನು ಬಿಸಿ ರೊಟ್ಟಿಯನ್ನು ಅವನ ತಾಟಿಗೆ ಎಸೆದೆ ಎಂದೇ ಹೇಳಬೇಕು. ಅವನು ಅದನ್ನು ಗಮನಿಸದೆ, ಮಹಿಬೂಬ ಎಣ್ಣೆ ಬಿಡುವುದರಲ್ಲಿ ಸೋಮಾರಿ, ಪಾಪ ಅದು ಒಣಗಿ ಕಿರುಗುಡುತ್ತಿತ್ತು ಎಂದು ಊಟ ಮುಗಿಯುವತನಕ ಹೇಳಿದ. ಆ ಹೊತ್ತಿಗೆ ನನಗೆ ಬೆನ್ನುನೋವು ಶುರುವಾಗಿತ್ತು. ಹೇಳಲಿಲ್ಲ. ಎಣ್ಣೆ ಬೇಕಾದ್ದು ಅದಕ್ಕೆ, ನನಗಲ್ಲವಲ್ಲ.

ವರ್ಷಗಟ್ಟಲೆ ಹೀಗೇ ನಡೆಯಿತು. ಅಡಿಗೆಮನೆಯ ಕಿಟಕಿಯಿಂದ ಅದರ ತಟಕ್ ಪಟಕ್ ಸದ್ದು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಆ ಕಡೆ ಸಂತೆಗೆ ಹೋದಾಗ ಪ್ರೆಸ್ಸಿನ ಮುಂದೆ ಮುಖ ತಿರುಗಿಸಿಕೊಂಡು ದಾಟುತ್ತಿದ್ದೆ.

ಆಮೇಲೆ ಆಫ್‌ಸೆಟ್ ಮುದ್ರಣ ಬಂತು. ಗುಲಬರ್ಗಾದಿಂದ ಬಣ್ಣಬಣ್ಣದ ಲಗ್ನಪತ್ರಿಕೆ ಬರತೊಡಗಿದ ಮೇಲೆ ಮಹಿಬೂಬನ ಕಪ್ಪು ಅಕ್ಷರ ಯಾರಿಗೂ ಬೇಡವಾಯಿತು. ಒಂದು ಮುಂಜಾನೆ ಗುಜರಿಯವರು ಬಂದು ಟ್ರೆಡಲನ್ನು ಅಂಗಡಿಯ ಮುಂದೆ ಕೆಡವಿ ಸುತ್ತಿಗೆಯಿಂದ ಒಡೆದರು. ನಾನು ನಿಂತು ನೋಡಿದೆ. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು. ಮನೆಗೆ ಬಂದು ಹಬ್ಬವಿಲ್ಲದೆಯೂ ಸಜ್ಜಕ ಮಾಡಿದೆ.

ಅಪ್ಪನಿಗೆ ಸುದ್ದಿ ಹೋಗಿರಲಿಲ್ಲ. ಎಂದಿನಂತೆ ಬಂದವನು ಪ್ರೆಸ್ಸಿಗೆ ಹೋಗಿ, ತಕ್ಷಣವೇ ನಮ್ಮ ಮನೆಗೆ ಬಂದ. ಕೈ ಸ್ವಚ್ಛವಾಗಿತ್ತು. "ಇವತ್ತ ಜಲ್ದಿ ಬಂದಿ ಯಪ್ಪಾ," ಅಂದೆ. "ಅಲ್ಲಿ ಏನೂ ಇಲ್ಲಲ್ಲವ್ವ," ಅಂದ. ಮಹಿಬೂಬ ಅಳುತ್ತಿದ್ದ ಎಂದೂ, ಅವನಾದರೂ ಏನು ಮಾಡಿಯಾನು ಎಂದೂ ಹೇಳಿದ. ಮತ್ತೆ ಆ ಮಾತು ತೆಗೆಯಲಿಲ್ಲ.

ಇಡೀ ದಿನ ಅವನು ನನ್ನವನಾದ. ಮಗಳ ಶಾಲೆ, ಗಂಡನ ವರ್ಗಾವಣೆ, ನನ್ನ ಬೆನ್ನುನೋವು, ಎಲ್ಲವನ್ನೂ ಅವನ ಮುಂದೆ ಸುರುವಿದೆ. "ಬೆನ್ನಿಗಿ ಏನ್ ಹಚ್ಚಾಕತ್ತೀ?" ಎಂದು ಕೇಳಿದ. ಗೆದ್ದೆ ಅನ್ನಿಸಿತು. ಇನ್ನು ನಮ್ಮಿಬ್ಬರ ನಡುವೆ ಯಾವ ಕಬ್ಬಿಣವೂ ಬರುವುದಿಲ್ಲ ಎಂಬ ಸೊಕ್ಕಿನಲ್ಲೇ ಅವನನ್ನು ಬಸ್ ಸ್ಟ್ಯಾಂಡಿಗೆ ಕಳಿಸಲು ಹೋದೆ.

"ಇನ್ನ ಆ ಮಷೀನಿನ ಕಾಟ ಇಲ್ಲ ಯಪ್ಪಾ. ಸೀದಾ ನನ್ನ ಮನೀಗೇ ಬಾ. ಮುಂದಿನ ತಿಂಗಳ ಬರ್ತೀ ಹೌದಿಲ್ಲೋ?"

ಅಪ್ಪ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತ. ಹಿಂದಿನವರು ತಳ್ಳುತ್ತಿದ್ದರು.

"ಬರಬೇಕಂತ ನನಗೂ ಅನಸ್ತದವ್ವ," ಅಂದ. "ಆದ್ರ ಇನ್ನ ಏನ್ ಹೇಳಿ ಬರ್ಲಿ?"

ನಾನು ಬಾಯಿ ತೆರೆಯುವುದರೊಳಗೆ ಕಂಡಕ್ಟರ್ ಬಾಗಿಲು ಹಾಕಿದ. ಅಪ್ಪ ಮತ್ತೆ ಬರಲಿಲ್ಲ.