ಹಸಿರು ದಾರ ಬಿಚ್ಚಿದವನು

ಜವಳಗಿರಿಯ ತಾಯಮ್ಮನಿಗೆ ಕಾಗದ ಇಲ್ಲ ಎಂದದ್ದು ಮುನಿಯಪ್ಪನವರಲ್ಲ. ನಾನು. ಅವರ ದನಿಯಲ್ಲಿ — ನಾನು.

ಎಂಬತ್ತರ ದಶಕದ ಮೊದಲ ವರ್ಷಗಳು. ತಮಿಳುನಾಡಿನ ಗಡಿಯ ಹೊಸೂರಿನ ಒಂದು ಕಂದಾಯ ಕಚೇರಿಯ ದಾಖಲೆ ಕೋಣೆಯಲ್ಲಿ ನಾನು ಹಂಗಾಮಿ ಗುಮಾಸ್ತ. ಮುನಿಯಪ್ಪನವರು ಆ ಕೋಣೆಯ ಹಿರಿಯರು. ಸಾಹೇಬರ ಕೆಮ್ಮು, ಟೈಪಿಸ್ಟ್ ಸೆಲ್ವಿಯವರ ತಮಿಳು ಬೆರೆತ ಕನ್ನಡ, ಕೆಲಸ ಕೇಳಲು ಬಂದ ದಿನ ನಡುಗಿದ ನನ್ನದೇ ದನಿ — ಎಲ್ಲವನ್ನೂ ಅಣಕಿಸಿ ನಗಿಸುತ್ತಿದ್ದೆ. ಎಲೆಅಡಿಕೆ ತುಂಬಿದ ಬಾಯಲ್ಲಿ ಮಾತುಮಾತಿಗೂ ‘ಆಯ್ತಾ?’ ಎನ್ನುವ ಮುನಿಯಪ್ಪನವರಂತೂ ನನಗೆ ಬಾಯಿಪಾಠ.

ಒಂದೇ ಜಮೀನಿನ ಹಳೆಯ ಕನ್ನಡ ಕಡತ ಒಂದು ಕಟ್ಟಿನಲ್ಲಿ, ತಮಿಳು ಆದೇಶ ಇನ್ನೊಂದರಲ್ಲಿ ಇರುತ್ತಿತ್ತು. ನಂಟಿರುವ ಕಟ್ಟುಗಳಿಗೆ ಅವರು ಒಂದೇ ಬಣ್ಣದ ದಾರ, ಒಂದೇ ಲೆಕ್ಕದ ಗಂಟು ಹಾಕಿಟ್ಟಿದ್ದರು. ಆಗ ಹೊಸ ಪದ್ಧತಿ ಬಂತು: ಪ್ರತಿ ಕಟ್ಟಿಗೂ ಒಂದು ಸಂಖ್ಯೆ, ಒಂದು ಕಾರ್ಡು, ಕಾರ್ಡಿನ ಕೊನೆಗೆ ‘ಇದನ್ನೂ ನೋಡಿ’ ಎಂದು ನಂಟಿನ ಕಟ್ಟಿನ ಸಂಖ್ಯೆ. ಬರೆಯುವ ಕೆಲಸ ನನ್ನದು.

“ದಾರ ಬಿಚ್ಚೋಕ್ ಮುಂಚೆ ನಂಬರ್ ಬರ್ಕೊ ಕಣ್ಲಾ. ಬಿಚ್ಚಿದ್ಮೇಲೆ ಯಾವ್ದುಕ್ ಯಾವ್ದೂ ನೆಂಟ ಅಲ್ಲ, ಆಯ್ತಾ?”

ಆ ಮಾತನ್ನೇ ಅಣಕಿಸುತ್ತ ಜವಳಗಿರಿಯ ಸಾಲಿನ ದಾರಗಳನ್ನೆಲ್ಲ ಒಟ್ಟಿಗೆ ಬಿಚ್ಚಿಬಿಟ್ಟೆ. ಬೇಗ ಮುಗಿಯಲಿ ಎಂದು — ಅಷ್ಟೇ. ಆಮೇಲೆ ಸಂಖ್ಯೆಗಳನ್ನು ಅಂದಾಜಿನ ಮೇಲೆ ಬರೆದೆ.

ತಾಯಮ್ಮನ ಹೊಲ ಕಾಡಿನ ಅಂಚಿನಲ್ಲಿತ್ತು. ಅದು ಕಾಡಿನ ಜಾಗ, ಬಿಡಬೇಕು ಎಂದು ನೋಟೀಸು ಬಂದಿತ್ತು. ಆಕೆಯ ಅಪ್ಪನಿಗೆ ಹೊಲ ಕೊಟ್ಟ ಹಳೆಯ ಆದೇಶ ಸಿಕ್ಕಿದ್ದರೆ ಉಳಿಯುತ್ತಿತ್ತು. ಸೋಮವಾರ ಬಾ ಎಂದು ಆಕೆಗೆ ಹೇಳಿದ್ದ ಮುನಿಯಪ್ಪನವರು ಆ ಸೋಮವಾರ ಕೃಷ್ಣಗಿರಿಗೆ ಹೋಗಬೇಕಾಯಿತು. ಹುಡುಕಿ ಕೊಡೆಂದು ನನಗೆ ಹೇಳಿ ಹೋದರು. ಆಕೆಯ ಹೊಲದ ಕಡತವಿದ್ದ ಕಟ್ಟು 112. ಅದರ ಕಾರ್ಡು 140ನ್ನು ನೋಡಿ ಎಂದಿತು. 140ರಲ್ಲಿದ್ದದ್ದು ಉದ್ದನಪಲ್ಲಿಯ ಕೆರೆ ದುರಸ್ತಿ.

“ಮುನಿಯಪ್ಪಣ್ಣಾ, ಐದೀರಾ?” ಕಿಟಕಿಯಾಚೆಯಿಂದ ತಾಯಮ್ಮ ಕರೆದರು.

ಬೀರುಗಳ ಮರೆಯಲ್ಲಿದ್ದ ನಾನು ಅವರಿಗೆ ಕಾಣುತ್ತಿರಲಿಲ್ಲ. ದಾರ ಬಿಚ್ಚಿದ್ದು ಗೊತ್ತಾದರೆ ಕೆಲಸ ಹೋದೀತು. ಒಂದು ವಾರ ತಡೆಯಿರಿ ಎನ್ನಬಹುದಿತ್ತು, ಏನಾದರೂ ಎನ್ನಬಹುದಿತ್ತು —

“ಇಲ್ಲ ಕಣವ್ವ. ನಿಮ್ಮಪ್ಪನ್ ಕಾಗ್ದ ಇಲ್ಲ. ಎಲ್ಲಾ ನೋಡ್ಬುಟ್ಟೆ, ಆಯ್ತಾ?”

ಸೆಲ್ವಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಕಿಟಕಿಯಾಚೆಯಿಂದ ತಾಯಮ್ಮನ ದನಿ ಬಂತು.

“ನೀವೇ ಇಲ್ಲ ಅಂದ್ಮೇಲೆ ಇನ್ಯಾರ್ನ ಕೇಳಾನ. ಬುಡಣ್ಣ.”

ವಿಚಾರಣೆಗೂ ಹೋಗದೆ ಅವರು ಹೊಲ ಬಿಟ್ಟು ಬಾಗಲೂರಿನ ಮಗಳ ಮನೆ ಸೇರಿದರು. ತಿಂಗಳು ಕಳೆದ ಮೇಲೆ ಬಸ್ ನಿಲ್ದಾಣದಲ್ಲಿ ಅವರ ಅಳಿಯ ಸಿಕ್ಕಿ, ಮುನಿಯಪ್ಪನವರಿಗೆ ತಾವು ಆಡದ ಮಾತು ತಿಳಿಯಿತು. ಬಂದು ನನ್ನ ಮೇಜಿನ ಮುಂದೆ ನಿಂತರು.

“ನನ್ ಬಾಯಾಗೆ ಸುಳ್ ಹೇಳ್ಬುಟ್ಯಲ್ಲಾ.”

ಆಯ್ತಾ ಎನ್ನಲಿಲ್ಲ.

ಸಾಹೇಬರಿಗೆ ಹೇಳಲಿಲ್ಲ. ತಾಯಮ್ಮನಿಗೆ ನಿಜ ಹೇಳಿದರೋ ಇಲ್ಲವೋ — ನಾನು ಕೇಳಲಿಲ್ಲ. ಕಟ್ಟು ಕಟ್ಟನ್ನೂ ಬಿಚ್ಚಿ, ಕೊನೆಗೆ 171ರಲ್ಲಿ ಆ ಆದೇಶ ಹುಡುಕಿ ತೆಗೆದರು. ಅಷ್ಟರಲ್ಲಿ ಅರಣ್ಯ ಇಲಾಖೆಯವರು ಹೊಲದಲ್ಲಿ ಸಸಿ ನೆಟ್ಟಾಗಿತ್ತು. 112, 171 ಎರಡೂ ಕಟ್ಟಿಗೆ ಮತ್ತೆ ಮೊದಲಿನ ಹಸಿರು ದಾರ ಕಟ್ಟಿದರು. ನಾನು ಮಾತ್ರ ಕಾರ್ಡು ತಿದ್ದಲಿಲ್ಲ. ತಿದ್ದಿದರೆ ಯಾಕೆಂದು ಯಾರಾದರೂ ಕೇಳುತ್ತಾರೆ…

ಈಗ ಆ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಯಾರು ಬೇಕಾದರೂ ನೋಡುವಂತೆ ವೆಬ್‌ಸೈಟಿನಲ್ಲಿ ಒಂದಕ್ಕೊಂದು ಕೊಂಡಿ ಬೆಸೆಯುತ್ತಿದ್ದಾರೆ. ಕೈಬರಹ ನನ್ನದೆಂದು ನನ್ನನ್ನು ಕರೆಸಿದರು. 112ನ್ನು ಒತ್ತಿದರೆ ಯಾವುದೋ ಕೆರೆ ಬರುತ್ತದಲ್ಲ ಸಾರ್, ಯಾರ ತಪ್ಪಿದು ಎಂದು ಅಲ್ಲಿನ ಹುಡುಗಿ ಕೇಳಿದಳು. ಹಳಬರು ಯಾರೋ ಎನ್ನಲು ನಾಲಿಗೆ ತಯಾರಾಗಿತ್ತು — ಹಳಬರ ದನಿಯೂ ತಯಾರಾಗಿತ್ತು.

“ನಂದು” ಎಂದೆ. ನನ್ನದೇ ದನಿ. ಕೆಲಸ ಕೇಳಲು ಬಂದ ದಿನದಂತೆಯೇ ನಡುಗಿತು.

ತಾಯಮ್ಮನಿಲ್ಲ. ಮುನಿಯಪ್ಪನವರೂ ಇಲ್ಲ. ಈಗ 112ನ್ನು ಒತ್ತಿದರೆ 171 ತೆರೆಯುತ್ತದೆ — ಆಕೆಯ ಅಪ್ಪನ ಹೆಸರು, ಹೊಲದ ನಾಲ್ಕು ದಿಕ್ಕಿನ ಚೆಕ್ಕುಬಂದಿ, ಎಲ್ಲ. ದಿನಕ್ಕೊಮ್ಮೆ ತೆರೆದು ಓದುತ್ತೇನೆ. ಅದನ್ನು ಒತ್ತುವವನು ನಾನೊಬ್ಬನೇ.