ಎರಡನೇ ನಂಬರ್ ಮನೆಯ ಟೊಮೆಟೊ ಗಿಡಗಳು

ಕಳೆದ ಶನಿವಾರ ಬೆಳಿಗ್ಗೆ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ನಮ್ಮ ಕಟ್ಟಡದ ಕೆಳಗಿರುವ ಸೂಪರ್ ಮಾರ್ಕೆಟ್ಟಿನಲ್ಲಿ ಟೊಮೆಟೊ ಆರಿಸುತ್ತಿದ್ದೆ. ಗೊಂಚಲು ಸಮೇತ ಕುಯ್ದು ತಂದವು, ತೊಟ್ಟು ಇನ್ನೂ ಹಸಿರಾಗಿತ್ತು. ಒಂದು ಗೊಂಚಲನ್ನು ಎತ್ತಿ ಇಟ್ಟವಳು ಅಭ್ಯಾಸ ಬಲದಿಂದ ಬೆರಳು ಮೂಸಿದೆ. ಟೊಮೆಟೊ ಹಣ್ಣಿಗೆ ಅಂಥ ವಾಸನೆಯೇನೂ ಇಲ್ಲ, ನಿಮಗೂ ಗೊತ್ತಿರಬಹುದು. ವಾಸನೆ ಇರುವುದು ಗಿಡಕ್ಕೆ, ಅದರ ಎಲೆಗೆ, ಕಾಂಡದ ಮೇಲಿನ ಸಣ್ಣ ರೋಮಗಳಿಗೆ. ಒಮ್ಮೆ ಕೈಗೆ ಹತ್ತಿತೆಂದರೆ ಎರಡು ಸಲ ಸೋಪು ಹಾಕಿದರೂ ಹಸಿರು ನೀರೇ ಇಳಿಯುತ್ತದೆ.

"ಅಮ್ಮಾ, ಸ್ಟಾಪ್ ಸ್ಮೆಲ್ಲಿಂಗ್ ಯುವರ್ ಹ್ಯಾಂಡ್. ಪೀಪಲ್ ಆರ್ ಲುಕಿಂಗ್," ಎಂದಳು ಮಗಳು. ಹನ್ನೊಂದು ವರ್ಷದ ಅವಳಿಗೆ ಜನ ನೋಡುತ್ತಾರೆಂಬುದೇ ದೊಡ್ಡ ಚಿಂತೆ. ನಾನು ಕೈ ಇಳಿಸಿದೆ. ಆದರೆ ಆ ವಾಸನೆಯ ಜೊತೆಗೇ ನೆನಪಿನಲ್ಲಿ ಹಸನಾಕ ಬಂದು ಪಕ್ಕದಲ್ಲಿ ನಿಂತುಬಿಟ್ಟಿದ್ದರು.

ಮಗಳು ಹುಟ್ಟುವ ಮೊದಲಿನ ಮಾತು. ಮದುವೆಯಾಗಿ ಹೊಸದರಲ್ಲಿ ನಾವು ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಒಂದು ಕೋಣೆಯ ಮನೆ ಹಿಡಿದಿದ್ದೆವು. ಗಂಡನಿಗೆ ಅಲ್ ಬರ್ಷಾದಲ್ಲಿ ಆಫೀಸು. ನಾನು ಕೃಷಿ ಪದವೀಧರೆ. ಮರಳುಗಾಡಿನಲ್ಲಿ ಕೃಷಿ ಪದವಿ ಇಟ್ಟುಕೊಂಡು ಏನು ಮಾಡುತ್ತೀ ಎಂದು ಊರಿನಲ್ಲಿ ನಕ್ಕವರೇ ಹೆಚ್ಚು. ಆದರೂ ಆರು ತಿಂಗಳಿಗೆ ಕೆಲಸ ಸಿಕ್ಕಿತು. ಅಬುಧಾಬಿಯ ದಾರಿಯಲ್ಲಿ, ಹೆದ್ದಾರಿ ಬಿಟ್ಟು ಒಳಗೆ ಹೋದರೆ, ಟೊಮೆಟೊ ಬೆಳೆಯುವ ನಾಲ್ಕು ಗ್ರೀನ್‌ಹೌಸ್‌ಗಳಿದ್ದ ಒಂದು ತೋಟ. ಅಲ್ಲಿನವರು ಅವುಗಳನ್ನು 'ಮನೆ' ಎಂದೇ ಕರೆಯುತ್ತಿದ್ದರು, ಒಂದನೇ ನಂಬರ್ ಮನೆ, ಎರಡನೇ ನಂಬರ್ ಮನೆ. ಪ್ರತಿ ಸಾಲಿನ ಗಿಡಗಳ ಬೆಳವಣಿಗೆಯನ್ನು ಅಳೆದು ಬರೆದಿಡುವುದು ನನ್ನ ಕೆಲಸ. ಬೆಳಿಗ್ಗೆ ಆರಕ್ಕೆ ಕಂಪನಿಯ ವ್ಯಾನು ಬರುತ್ತಿತ್ತು.

ಆ ನಾಲ್ಕೂ ಮನೆಗಳ ಉಸ್ತುವಾರಿ ಹಸನಾಕನದ್ದು. ಉಪ್ಪಿನಂಗಡಿ ಕಡೆಯ ಬ್ಯಾರಿಗಳು. ಹೆಸರು ಹಸನ್, ನಮ್ಮ ಕಡೆ ಹಿರಿಯ ಬ್ಯಾರಿಗಳನ್ನು ಗೌರವದಿಂದ ಕರೆಯುವ ಹಾಗೆ ನಾನೂ ಹಸನಾಕ ಎನ್ನುತ್ತಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು, ಗಲ್ಫಿನ ಗ್ರೀನ್‌ಹೌಸ್‌ಗಳಲ್ಲೇ ತಲೆ ಬೆಳ್ಳಗಾದವರು. ನಾನು ಮೂಡಬಿದ್ರೆಯವಳೆಂದು ಗೊತ್ತಾದ ದಿನ ಅವರ ಮುಖ ಅರಳಿತ್ತು. "ಹೌದಾ ಮಾರಾಯ್ರೆ! ಹಾಗಾದ್ರೆ ಇನ್ನು ನಂಗೆ ಹಿಂದಿಯಲ್ಲಿ ಒದ್ದಾಡ್ಲಿಕ್ಕಿಲ್ಲ," ಎಂದಿದ್ದರು. ಆದರೂ ನನ್ನನ್ನು ಮೇಡಂ ಎನ್ನುವುದನ್ನು ಬಿಡಲಿಲ್ಲ. ಪದವಿಯ ಮೇಲೆ ಅವರಿಗೆ ಅಷ್ಟು ಮರ್ಯಾದೆ. ಅದು ನನ್ನ ತಲೆಗೇರಿತು ಎಂದು ಈಗ ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ.

ಅವರ ನಿಯಮಗಳು ಕೆಲವೇ. ಒಳಗೆ ಬರುವ ಮೊದಲು ಔಷಧಿ ನೀರಿನಲ್ಲಿ ಬೂಟು ಅದ್ದಬೇಕು. ಎರಡು ಬಾಗಿಲುಗಳಲ್ಲಿ ಒಂದು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ಹಳದಿ ಬಟ್ಟೆ ಹಾಕಬಾರದು, ಬಿಳಿನೊಣಕ್ಕೆ ಹಳದಿ ಎಂದರೆ ಪ್ರಾಣ. ಹೊರಗಿನ ಎಲೆ, ಹೂವು, ಒಂದು ಕಡ್ಡಿಯೂ ಒಳಗೆ ಬರಬಾರದು. ಮಲ್ಲಿಗೆ ಮುಡಿದು ಬಂದ ದಿನ ಅದನ್ನು ನಾನು ಗೇಟಿನಲ್ಲೇ ತೆಗೆದಿಡಬೇಕಾಯಿತು.

ಗಿಡದ ಮುಖ ನೋಡಿ ಅದರ ಕಷ್ಟ ಹೇಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಮಧ್ಯಾಹ್ನದ ಸೆಕೆಗೆ ಟೊಮೆಟೊ ಎಲೆ ತನ್ನನ್ನು ತಾನೇ ಸುತ್ತಿಕೊಳ್ಳುತ್ತದೆ, ನೀರು ಉಳಿಸಲು. ನೀರಿನಲ್ಲಿ ಉಪ್ಪು ಹೆಚ್ಚಾದರೆ ಎಲೆಯ ಅಂಚು ಸುಡುತ್ತದೆ. ಬಿಳಿನೊಣ ಹರಡುವ ವೈರಸ್‌ನಿಂದ ಎಲೆ ಮುದುರು ರೋಗ ಬಂದಾಗಲೂ ಎಲೆ ಮೇಲಕ್ಕೆ ಮಡಚಿಕೊಳ್ಳುತ್ತದೆ, ಆದರೆ ಹೊಸ ಎಲೆಗಳು ಸಣ್ಣದಾಗಿ, ಅಂಚು ಹಳದಿಯಾಗಿ ಹುಟ್ಟುತ್ತವೆ. "ಬಿಸಿಲಿಗೆ ಸುತ್ತಿಕೊಂಡದ್ದು ಸಂಜೆಗೆ ಬಿಚ್ಕೊಳ್ತದೆ ಮೇಡಂ. ವೈರಸ್ ಬಂದದ್ದು ಬಿಚ್ಚುದಿಲ್ಲ. ಅದಕ್ಕೇ ಗಿಡವನ್ನು ಸಂಜೆ ನೋಡ್ಬೇಕು," ಎನ್ನುತ್ತಿದ್ದರು. ನಾನು ಪುಸ್ತಕದಲ್ಲಿ ಓದಿದ ಉದ್ದುದ್ದ ಹೆಸರುಗಳನ್ನು ಹೇಳಿ ವಾದಕ್ಕಿಳಿಯುತ್ತಿದ್ದೆ. ಅವರು ತಾಳ್ಮೆಯಿಂದ ಕೇಳಿ, "ಹೌದಾ, ಹಾಗೂ ಉಂಟಾ?" ಎಂದು ಸುಮ್ಮನಾಗುತ್ತಿದ್ದರು.

ನನ್ನ ಬಾಲ್ಕನಿಯಲ್ಲಿ ಎಸಿಯ ಯಂತ್ರದ ಪಕ್ಕ ಒಂದು ಕುಂಡವಿತ್ತು, ಅದರಲ್ಲಿ ನಾನೇ ಬೀಜ ಹಾಕಿ ಬೆಳೆಸಿದ ಟೊಮೆಟೊ ಗಿಡ. ಅಕ್ಟೋಬರ್ ಹೊತ್ತಿಗೆ ಅದರ ತುದಿ ಮುದುರತೊಡಗಿತು. ಎಸಿಯ ಬಿಸಿಗಾಳಿ ಬಡಿದು ಹೀಗಾಗಿದೆ ಎಂದು ತೀರ್ಮಾನಿಸಿದೆ. ಇದನ್ನು ತೋಟದ ಗಿಡಗಳ ಪಕ್ಕದಲ್ಲಿಟ್ಟು ಹೋಲಿಸಿದರೆ ಎಷ್ಟು ಚೆನ್ನ, ಹಸನಾಕನಿಗೂ ಒಂದು ಪಾಠ ಆಗುತ್ತದೆ ಎಂದುಕೊಂಡೆ. ಒಂದು ಶುಕ್ರವಾರ, ಅವರು ಜುಮಾ ನಮಾಜಿಗೆ ಹೋಗಿದ್ದ ಹೊತ್ತಿನಲ್ಲಿ, ಕುಂಡವನ್ನು ಚೀಲದಲ್ಲಿಟ್ಟು ಎರಡನೇ ನಂಬರ್ ಮನೆಯೊಳಗೆ ತಂದೆ. ಹೌದು, ನಿಯಮ ಗೊತ್ತಿತ್ತು. ಆ ನಿಯಮ ಓದದವರಿಗೆ ಎಂದು ಎಲ್ಲೋ ಒಳಗೆ ನಂಬಿದ್ದೆ.

ನಮಾಜು ಮುಗಿಸಿ ಬಂದ ಹಸನಾಕ ಕುಂಡ ನೋಡಿ ಬಾಗಿಲಲ್ಲೇ ನಿಂತರು. ಹತ್ತಿರ ಬಂದು ಒಂದು ಎಲೆಯನ್ನು ಬೆರಳಿನಿಂದ ಮೆಲ್ಲನೆ ಮುಟ್ಟಿದರು. ಎಲೆಯಡಿಯಿಂದ ಬಿಳಿ ಹುಡಿ ಎದ್ದ ಹಾಗೆ ಏನೋ ಹಾರಿತು. ಬಿಳಿನೊಣ. ಅವರು ಗಿಡದ ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ, ಬಾಯಿ ಕಟ್ಟಿ, ಹೊರಗೆ ಸುಡುವ ಮರಳಿನ ಮೇಲೆ ಇಟ್ಟು ಬಂದರು.

"ಮೇಡಂ, ಇದು ಬಿಸಿಲು ಅಲ್ಲ," ಎಂದರು, ಅಷ್ಟೆ.

ಬೈದಿದ್ದರೆ ಒಳ್ಳೆಯದಿತ್ತು. ಮುಂದಿನ ಎರಡು ಮೂರು ವಾರ ನಾನು ಸಂಜೆಯ ವ್ಯಾನು ಬಿಟ್ಟು, ಬಿಸಿಲು ಇಳಿದ ಮೇಲೆ ಅವರೊಂದಿಗೆ ಸಾಲು ಸಾಲು ಸುತ್ತಿದೆ. ಬಿಚ್ಚಿಕೊಳ್ಳದ ಎಲೆ ಎಲ್ಲಾದರೂ ಉಂಟೋ ಎಂದು ಹುಡುಕುವುದು. ಮೊದಲ ಗಿಡ ಹಿಂದಿನ ಸಾಲಿನಲ್ಲಿ ಸಿಕ್ಕಿತು. ಮತ್ತೆ ನಾಲ್ಕು, ಮತ್ತೆ ಹದಿನೈದು. ಗಿಡದ ಮೇಲೆ ಚೀಲ ಇಳಿಬಿಟ್ಟು, ನೊಣ ಹಾರದಂತೆ ಕಟ್ಟಿ, ಆಮೇಲೆ ಬುಡ ಕುಯ್ಯಬೇಕು. ಕಾಯಿ ಕಚ್ಚಿದ್ದ ಗಿಡಗಳು.

ನಮ್ಮ ಮುದೀರ್, ಅಂದರೆ ಮ್ಯಾನೇಜರ್, ಈಜಿಪ್ಟಿನವರು. ಒಂದು ಬೆಳಿಗ್ಗೆ ಎಲ್ಲರನ್ನೂ ಶೆಡ್ಡಿನಲ್ಲಿ ನಿಲ್ಲಿಸಿ, ಇದು ಒಳಗೆ ಬಂದದ್ದು ಹೇಗೆ ಎಂದು ಕೇಳಿದರು. ನಾನು ಬಾಯಿ ತೆರೆದಿದ್ದೆ. ನಿಜವಾಗಿಯೂ ತೆರೆದಿದ್ದೆ. ಅಷ್ಟರಲ್ಲಿ ಹಸನಾಕ ಒಂದು ಹೆಜ್ಜೆ ಮುಂದೆ ಬಂದು, "ಬಾಗಿಲು ನನ್ನ ಜವಾಬ್ದಾರಿ ಮುದೀರ್. ತಪ್ಪು ನನ್ನದು," ಎಂದು ತಮಗೆ ಬರುವ ಅರಬಿಯಲ್ಲಿ ಹೇಳಿದರು. ಡಿಸೆಂಬರಿನಲ್ಲಿ ಊರಿಗೆ ಹೋಗಲು ಅವರಿಗೆ ಸಿಕ್ಕಿದ್ದ ರಜೆ ರದ್ದಾಯಿತು. ಎರಡು ವರ್ಷಕ್ಕೊಮ್ಮೆ ಸಿಗುವ ರಜೆ ಅದು.

ಹೊರಗೆ ಬಂದು ನಾನು ಅಳುತ್ತಾ, "ಯಾಕೆ ಹಸನಾಕ?" ಎಂದೆ.

"ನಿಮ್ಮದು ಇನ್ನೂ ಪ್ರೊಬೇಶನ್ ಅಲ್ವಾ. ನಿಮ್ಮನ್ನು ಕಳಿಸಿ ಬಿಡ್ತಾರೆ. ನನ್ನನ್ನು ಕಳಿಸುದಿಲ್ಲ, ಬೈತಾರೆ ಅಷ್ಟೆ. ಯಲ್ಲಾ, ನಡೀರಿ, ಚೀಲ ತನ್ನಿ, ಏಳನೇ ಸಾಲು ಬಾಕಿ ಉಂಟು."

ಎಷ್ಟು ಕುಯ್ದರೂ ರೋಗ ಪೂರ್ತಿ ಹೋಗಲಿಲ್ಲ. ಕೊನೆಗೆ ಮುದೀರ್, ಆ ಮನೆಯನ್ನು ಪ್ರತ್ಯೇಕವಾಗಿ ಮುಚ್ಚಿಟ್ಟು ಋತು ಮುಗಿಯುವವರೆಗೆ ಸಿಕ್ಕಿದಷ್ಟು ಹಣ್ಣು ತೆಗೆಯಿರಿ ಎಂದರು. ಹಾಗಾಗಿ ಎರಡನೇ ನಂಬರ್ ಮನೆಯಲ್ಲಿ ರೋಗದ ಗಿಡ, ಆರೋಗ್ಯದ ಗಿಡ ಅಕ್ಕಪಕ್ಕದಲ್ಲೇ ಉಳಿದವು. ನಾನು ಪ್ರಾಯಶ್ಚಿತ್ತದ ಹಾಗೆ ಎರಡನ್ನೂ ದಿನಾ ಅಳೆದು ಬರೆಯುತ್ತಾ ಹೋದೆ. ಯಾರೂ ಕೇಳಿರಲಿಲ್ಲ.

ಮೇ ತಿಂಗಳ ಕೊನೆಗೆ ಆ ಮನೆಯ ತಂಪು ಕೆಟ್ಟಿತು. ಗ್ರೀನ್‌ಹೌಸಿನ ಒಂದು ಗೋಡೆಗೆ ಸದಾ ನೀರು ಇಳಿಯುತ್ತಿರುತ್ತದೆ, ಎದುರಿನ ದೊಡ್ಡ ಫ್ಯಾನುಗಳು ಆ ತೇವದ ಗಾಳಿಯನ್ನು ಎಳೆದು ಒಳಗನ್ನು ತಂಪಾಗಿಡುತ್ತವೆ. ನೀರೆತ್ತುವ ಮೋಟಾರು ಸುಟ್ಟುಹೋಯಿತು. ಹೊಸದು ಬಂದು ಕೂರಿಸುವಷ್ಟರಲ್ಲಿ ಎರಡು ಹಗಲು ಕಳೆಯಿತು. ಆ ಎರಡು ಹಗಲು ಒಳಗೆ ಹೋದರೆ ಕಣ್ಣು ಬಿಡಲಾಗುತ್ತಿರಲಿಲ್ಲ. ಎತ್ತರಕ್ಕೆ ಬೆಳೆದಿದ್ದ ಆರೋಗ್ಯದ ಗಿಡಗಳು ಒದ್ದೆ ಬಟ್ಟೆಯ ಹಾಗೆ ಆಸರೆಗೆ ಕಟ್ಟಿದ್ದ ದಾರಕ್ಕೆ ಜೋತುಬಿದ್ದವು.

ಎರಡನೆಯ ಸಂಜೆ, ಬಿಸಿಲು ಇಳಿದ ಮೇಲೆ, ಹಸನಾಕನೂ ನಾನೂ ಒಳಗೆ ಹೋದೆವು. ಬಿದ್ದ ಗಿಡಗಳು ಏಳಲಿಲ್ಲ. ಆದರೆ ಅವುಗಳ ನಡುವೆ ಕುಳ್ಳಗೆ, ಮುದುರಿಕೊಂಡು, ಹಳದಿ ಅಂಚಿನ ರೋಗದ ಗಿಡಗಳಲ್ಲಿ ಹೆಚ್ಚಿನವು ನೆಟ್ಟಗೆ ನಿಂತಿದ್ದವು.

ಹಸನಾಕ ಟಾರ್ಚು ಹಿಡಿದು ಒಂದೊಂದನ್ನೇ ನೋಡುತ್ತಾ ಹೋದರು. "ಎಂತ ಇದು ಮೇಡಂ? ಇಷ್ಟು ವರ್ಷದಲ್ಲಿ ನಾನು ಹೀಗೆ ಕಂಡದ್ದಿಲ್ಲ. ನಿಮ್ಮ ಪುಸ್ತಕದಲ್ಲಿ ಉಂಟಾ?"

"ನಾನು ಓದಿದ್ದರಲ್ಲಿ ಇಲ್ಲ ಹಸನಾಕ," ಎಂದೆ. ಅವರ ಎದುರು ನನಗೆ ಗೊತ್ತಿಲ್ಲ ಎಂದದ್ದು ಅದೇ ಮೊದಲು.

"ಹಾಗಾದ್ರೆ ಬರೀರಿ. ಈಗಲೇ ಬರೀರಿ. ನಾನು ಎಣಿಸ್ತೇನೆ."

ಅವರು ಎಣಿಸಿದರು, ನಾನು ಬರೆದೆ. ಉತ್ಸಾಹದಲ್ಲಿ, ರೋಗವೇ ಗಿಡವನ್ನು ಗಟ್ಟಿ ಮಾಡಿದೆ ಎಂದುಬಿಟ್ಟೆ. ಹಸನಾಕ ಒಂದು ರೋಗದ ಗಿಡದಲ್ಲಿದ್ದ ಗೋಲಿ ಗಾತ್ರದ ಎರಡು ಕಾಯಿ ತೋರಿಸಿದರು. "ನಿಂತದ್ದು ಹೌದು. ಆದ್ರೆ ಇಡೀ ವರ್ಷ ಕೊಟ್ಟದ್ದು ಇಷ್ಟೇ. ರೋಗವನ್ನು ಹೊಗಳ್ಬೇಡಿ ಮೇಡಂ. ಕಂಡದ್ದನ್ನು ಬರೀರಿ, ಸಾಕು."

ಈಗ ಬರೆಯಲು ಕೂತಾಗೆಲ್ಲ ಆ ಮಾತು ಕೇಳಿಸುತ್ತದೆ.

ಮುದೀರ್ ಆ ಟಿಪ್ಪಣಿಯನ್ನು ತಮಗೆ ಗೊತ್ತಿದ್ದ ಒಬ್ಬ ಸಸ್ಯವಿಜ್ಞಾನಿಗೆ ಕಳಿಸಿದರು. ನಾವು ಹೊಸತೇನನ್ನೂ ಕಂಡುಹಿಡಿದಿರಲಿಲ್ಲ. ಈ ವೈರಸ್ ತಾನು ಹೊಕ್ಕ ಗಿಡ ಬೇಗ ಸಾಯದಂತೆ, ಸೆಕೆಯನ್ನೂ ಬರವನ್ನೂ ಇನ್ನಷ್ಟು ಹೊತ್ತು ತಾಳುವಂತೆ ಮಾಡುವುದುಂಟು ಎಂದು ಬಲ್ಲವರು ಮೊದಲೇ ಗಮನಿಸಿದ್ದರು. ಗಿಡ ಸತ್ತರೆ ಅದಕ್ಕೂ ನೆಲೆಯಿಲ್ಲವಲ್ಲ. ಆದರೆ ಆ ವಿಜ್ಞಾನಿ, ಇಷ್ಟು ಶ್ರದ್ಧೆಯಿಂದ ದಿನವೂ ಅಳೆದವರು ಯಾರು ಎಂದು ಕೇಳಿದರಂತೆ. ಅಬುಧಾಬಿಯ ಅವರ ಪ್ರಯೋಗಾಲಯದಲ್ಲಿ ನನಗೆ ಕೆಲಸ ಸಿಕ್ಕಿದ್ದು ಹಾಗೆ. ಇಂದಿಗೂ ನನ್ನ ಅನ್ನ ಟೊಮೆಟೊ ಗಿಡದ ಕಷ್ಟಗಳಿಂದಲೇ.

ಹೊರಡುವ ದಿನ ಹಸನಾಕ ಒಂದು ಡಬ್ಬಿ ತುಂಬ ಟೊಮೆಟೊ ಕೊಟ್ಟಿದ್ದರು. ಅವಸರದಲ್ಲಿ ವ್ಯಾನು ಹತ್ತಿದೆ. ಮಗಳು ಹುಟ್ಟಿದಳು, ಮನೆ ಬದಲಾಯಿತು, ಅವರು ಕೆಲಸ ಬಿಟ್ಟು ಊರು ಸೇರಿದರು. ಹಬ್ಬಕ್ಕೊಂದು ಮೆಸೇಜು, ಅದಕ್ಕೆ ಅವರದೊಂದು ಹೂವಿನ ಚಿತ್ರ. ಇಷ್ಟು ವರ್ಷಗಳಲ್ಲಿ ಶೆಡ್ಡಿನಲ್ಲಿ ಅವರು ಆಡಿದ ಆ ಒಂದು ಮಾತಿಗೆ ನಾನು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ.

ಸೂಪರ್ ಮಾರ್ಕೆಟ್ಟಿನಿಂದ ಮನೆಗೆ ಬಂದವಳೇ ಫೋನ್ ಮಾಡಿದೆ. ಕುಶಲ ಕೇಳಿ ಮುಗಿಸಿ, ಆ ಕುಂಡದ ವಿಷಯ ಎತ್ತಿದೆ. ನನ್ನ ತಪ್ಪನ್ನು ನೀವು ಹೊತ್ತಿರಿ, ನನ್ನ ಬದುಕು ಅದರಿಂದಲೇ ಆಯಿತು ಎಂದೆ.

"ಮೇಡಂ, ಇದನ್ನು ನೀವು ಇಷ್ಟು ವರ್ಷ ಮನಸ್ಸಲ್ಲಿ ಇಟ್ಕೊಂಡಿದ್ರಾ? ಅಯ್ಯೋ ದೇವರೇ." ಎಂದ ಹಸನಾಕ ಮುಂದುವರಿಸಿದರು, "ಎರಡನೇ ನಂಬರ್ ಮನೆಯ ಹಿಂದೆ ನೊಣ ಬಾರದ ಹಾಗೆ ಕಟ್ಟಿದ ಬಲೆ ಹರಿದಿತ್ತು. ನೀವು ಕುಂಡ ತರುವ ಮೊದಲೇ. ಹೊಲಿಸ್ಬೇಕು ಹೊಲಿಸ್ಬೇಕು ಅಂತ ನಾನು ನಾಲ್ಕು ದಿನ ದೂಡಿದೆ. ಮೊದಲ ಗಿಡ ಸಿಕ್ಕಿದ್ದು ಹಿಂದಿನ ಸಾಲಲ್ಲಿ ಅಲ್ವಾ? ನಿಮ್ಮ ಕುಂಡ ಇದ್ದದ್ದು ಮುಂದೆ."

"ಹೌದು, ಹಿಂದಿನ ಸಾಲು," ಎಂದೆ.

"ತಪ್ಪು ನನ್ನದು ಅಂತ ನಾನು ಮುದೀರ್ ಹತ್ರ ಹೇಳಿದ್ದು ಸುಳ್ಳಲ್ಲ. ನಿಮ್ಮ ಹತ್ರ ಮಾತ್ರ ಹೇಳ್ಲಿಲ್ಲ. ನೀವು ನನ್ನನ್ನು ಅಷ್ಟು ದೊಡ್ಡ ಮನುಷ್ಯ ಅಂತ ನೋಡುವಾಗ, ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ. ಮಾಫ್ ಮಾಡಿ."

"ನನ್ನ ಗಿಡದಲ್ಲೂ ನೊಣ ಇತ್ತಲ್ಲ ಹಸನಾಕ. ಹಾರಿದ್ದನ್ನು ನಾವಿಬ್ಬರೂ ನೋಡಿದ್ದೇವೆ."

"ಅದೂ ಹೌದು." ಅವರು ನಕ್ಕರು. "ಹಾಗಾದ್ರೆ ಅರ್ಧ ನಿಮ್ದು, ಅರ್ಧ ನಂದು. ಖಲಾಸ್."

ಫೋನ್ ಇಟ್ಟು ಕಣ್ಣೊರೆಸಿಕೊಂಡಾಗ ಮಗಳು ಬಾಗಿಲಲ್ಲಿ ನಿಂತಿದ್ದಳು. "ಹೂ ವಾಸ್ ದಟ್, ಅಮ್ಮಾ?"

"ನನ್ನ ಗುರುಗಳು," ಎಂದೆ.

ಬಾಯಿಂದ ತಾನಾಗಿಯೇ ಬಂತು. ಅವರಿಗೆ ಮಾತ್ರ ಆ ಮಾತನ್ನು ನಾನು ಒಮ್ಮೆಯೂ ಹೇಳಿರಲಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮತ್ತೆ ಅದೇ ನಂಬರ್ ಒತ್ತಿದೆ.